ಗುರುತು ಹಾಕಿದವನೇ ಒಡೆಯ

ನವೆಂಬರ್ ೪, ಸೋಮವಾರ
ರೊಟ್ಟಿ ಬಡಿದು ಮುಗಿಯಿತು. ಬೂದಿ ಬರಲಿಲ್ಲ. ಬೀದಿನಾಯಿ, ಆದರೆ ನನ್ನ ಹೊಸ್ತಿಲಿಗೆ ನನ್ನ ಗಂಡನಿಗಿಂತ ನಿಯತ್ತು. ಎದುರುಮನೆ ದುರುಗಕ್ಕ ಕೂಗಿದಳು: "ನಿನ್ನ ಬೂದೀನ ವ್ಯಾನ್‌ನಾಗೆ ಹಾಕ್ಕೊಂಡು ಹೋದ್ರು ಕಣೆ! ಬೇಕರಿಯೋರು ಕಂಪ್ಲೇಂಟ್ ಕೊಟ್ಟಿದ್ರಂತೆ."
ಜಗಳೂರಿನ ಹೊರಗೆ ಟ್ರಸ್ಟಿನವರ ಶೆಲ್ಟರ್. ಅಲ್ಲಿಗೆ ಹೋದದ್ದು ತಿರುಗಿ ಬರುವುದಿಲ್ಲವಂತೆ. ನೋಡೋಣ.

ನವೆಂಬರ್ ೫, ಮಂಗಳವಾರ
ಹೋಗಿ ಬಂದೆ. ಗೇಟಿನ ಮುಂದೆ ನ್ಯಾಮತಿಯಿಂದ ಬಂದ ಆಶಾ ಅನ್ನೋ ಹುಡುಗಿ, 'ಕೊಲ್ಲಬೇಡಿ' ಅಂತ ಬೋರ್ಡು ಹಿಡಿದು ನಿಂತಿದ್ದಳು. ಚನ್ನಗಿರಿ, ಹೊನ್ನಾಳಿಯಲ್ಲೂ ಇಂಥವರು ಒಟ್ಟಾಗಿದ್ದಾರಂತೆ. ಒಳಗೆ ಮ್ಯಾನೇಜರ್ ಪ್ರಸನ್ನಕುಮಾರ್ — ಕುರಿಗಾರ ಕಲ್ಲೇಶಪ್ಪನ ಮಗ.
"ಜಾಗ ಇಲ್ಲ ಅಜ್ಜಿ. ಒಡೆಯರು ಇಲ್ಲದ್ವಕ್ಕೆ ಶುಕ್ರವಾರ ನಿದ್ದೆ ಇಂಜೆಕ್ಷನ್."
"ಆಮೇಲೆ ಎದ್ದೇಳ್ತಾವೇನಪ್ಪ?"
ಬೀಗದಕೈ ತೆಗೆದುಕೊಂಡ. "ನಿಮ್ಮ ಬೂದೀನ ಕರ್ಕೊಂಡು ಹೋಗ್ರಿ."
ಸಾಲು ಬೋನುಗಳು. ನಾಯಿ, ಬೆಕ್ಕು. ಬೂದಿಯದೂ ಸೇರಿ ಎಲ್ಲದರ ಕಿವಿತುದಿ ಕತ್ತರಿಸಿತ್ತು.
"ಕಿವಿ ಕತ್ತರಿಸಿದ್ದು ಯಾರು?"
"ನಾವೇ. ಹಿಂದೊಮ್ಮೆ ಹಿಡಿದು, ಮರಿ ಆಗದಂಗೆ ಆಪರೇಷನ್ ಮಾಡಿ ಬಿಟ್ಟಿದ್ದಕ್ಕೆ ಗುರುತು."
"ಹಂಗಾದ್ರೆ ಒಡೆಯ ನೀನೇ. ನಿಮ್ಮಪ್ಪ ಕುರಿ ಕಿವಿಗೆ ಗುರುತು ಹಾಕಿ, ಇದು ಯಾರದೋ ಗೊತ್ತಿಲ್ಲ ಅಂತ ಯಾವತ್ತಾದ್ರೂ ಅಂದಾನೇನೋ?"
"ಅದು ಬ್ಯಾರೆ, ಇದು ಬ್ಯಾರೆ."
ಬ್ಯಾರೆಯಂತೆ! ಬೂದಿಯನ್ನು ಅಲ್ಲೇ ಬಿಟ್ಟು ಬಂದೆ. ಅದೊಂದನ್ನೇ ತಂದರೆ ಉಳಿದವು ಅನಾಥ ಎಂದು ನಾನೇ ಒಪ್ಪಿದಂತೆ.

ನವೆಂಬರ್ ೬, ಬುಧವಾರ
ಕಲ್ಲೇಶಪ್ಪನ ಹಟ್ಟಿಗೆ ಹೋಗಿ ಹೇಳಿದೆ. ಕಂಬಳಿ ಕೊಡವಿ ಎದ್ದ. "ನನ್ನ ಮಗ ಗುರುತು ಹಾಕಿ ನಂದಲ್ಲ ಅಂದ್ನಾ?" ಕುರಿಗಾರರಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಕುಂಟಾಗಲಿ, ಕುರುಡಾಗಲಿ, ಗುರುತು ಹಾಕಿದವನೇ ಸಾಕಬೇಕು.

ನವೆಂಬರ್ ೭
ನಾಳೆ ಶುಕ್ರವಾರ. ಬೂದಿಯನ್ನು ಬಿಟ್ಟು ಬಂದದ್ದು ಸರಿ. ಸರಿಯೇ...

ನವೆಂಬರ್ ೮, ಮಧ್ಯಾಹ್ನ
ಶೆಲ್ಟರ್‌ನಲ್ಲಿ ಡಾಕ್ಟರ್ ಇಂಜೆಕ್ಷನ್ ಪೆಟ್ಟಿಗೆ ತೆರೆದರು. ಮೊದಲ ಬೋನಿನಲ್ಲಿ ಬೂದಿ. ಕಲ್ಲೇಶಪ್ಪ ಇಡೀ ಹಟ್ಟಿಯ ಜನರನ್ನೇ ಕರೆತಂದಿದ್ದ.
"ಇವಕ್ಕೆ ಒಡೆಯರು ಯಾರೂ ಇಲ್ವೇನ್ರಿ?" ಎಂದರು ಡಾಕ್ಟರ್.
ಕಲ್ಲೇಶಪ್ಪ ಮಗನ ಮುಂದೆ ಬಂದು ನಿಂತ. "ಹೇಳೋ. ನಾಳೆ ಸಂತೆಯಾಗೆ ನಾನು ತಲೆ ಎತ್ತಿ ನಡೀಬೇಕು."
ಪ್ರಸನ್ನಕುಮಾರ್ ಅಪ್ಪನನ್ನು ನೋಡಿದ, ಬೋನು ನೋಡಿದ. "ನಮ್ಮವೇ, ಸಾರ್."
"ಎಲ್ಲಾನೂ?"
"ಕಿವಿ ನೋಡ್ರಿ ಬೇಕಾದ್ರೆ."
ಪೆಟ್ಟಿಗೆ ಮುಚ್ಚಿತು. ಆಶಾ ಬೋರ್ಡು ಬಿಸಾಡಿ ನನ್ನನ್ನು ತಬ್ಬಿದಳು. "ಬಿಡೇ, ಮೂಳೆ ಮುರೀತಾವೆ!"

ನವೆಂಬರ್ ೧೨, ಮಂಗಳವಾರ
ಹಿಡಿದ ಬೀದಿಗೇ ಒಂದೊಂದಾಗಿ ಬಿಡುತ್ತಿದ್ದಾರೆ. ಗಾಯವಾದವು ಕಲ್ಲೇಶಪ್ಪನ ದೊಡ್ಡಿಯಲ್ಲಿ. ಮೂರು ಬೆಕ್ಕು ಹೊನ್ನಾಳಿಯ ಆಶಾ ಕಡೆಯವರ ಮನೆಗೆ ಹೋದವು. ಚನ್ನಗಿರಿ ಕಡೆಯ ಶೆಲ್ಟರ್ ಒಂದರಲ್ಲಿ ಇನ್ನೂ ಇಂಜೆಕ್ಷನ್ ನಡೆದಿದೆಯಂತೆ. ನಾಳೆ ಆಶಾ ಜೊತೆ ಬಸ್ಸು ಹತ್ತುತ್ತೇನೆ. ಅಲ್ಲಿಯ ಮ್ಯಾನೇಜರ್‌ಗೆ ಅಪ್ಪ ಇದ್ದಾನೋ ಇಲ್ಲವೋ, ನಾನಂತೂ ಇದ್ದೇನೆ.
ವ್ಯಾನ್ ನಿಂತ ಸದ್ದು. ಬಾಗಿಲು ತೆಗೆದರು. ಅಯ್ಯೋ, ಬೂದಿ! ಆ ಹುಚ್ಚುಮುಂಡೇದು ಹಗ್ಗ ಬಿಚ್ಚುವ ಮೊದಲೇ ಹಾರಿ—