ಯಂತ್ರ ಕೆಟ್ಟಿದೆ ಎಂದುಕೊಂಡು

ಹನ್ನೊಂದನೇ ಮಹಡಿಯ ಮೇಲೆ, ಲಿಫ್ಟ್ ಯಂತ್ರದ ಕೋಣೆಯಿಂದ
ಮಂಗಳವಾರ, ಹದಿನಾಲ್ಕನೇ ತಾರೀಖು, ಊಟದ ಬಿಡುವು

ಪ್ರೀತಿಯ ಡಾಕ್ಟರಮ್ಮನಿಗೆ,

ಹಾಗೆ ಕರೆಯಬೇಡಿ ಎಂದು ನೀನು ಕಟ್ಟಪ್ಪಣೆ ಮಾಡಿದ್ದೀಯ, ಗೊತ್ತು. ಹದಿಮೂರು ವರ್ಷದ ಅಭ್ಯಾಸ, ಒಂದು ಫೋನಿನಲ್ಲಿ ಬಿಡಿ ಎಂದರೆ ಬಿಟ್ಟುಹೋಗುವುದಿಲ್ಲ. ಹೇಗಿದ್ದೀಯ? ಸೊಂಟದ ನೋವು ಹೇಗಿದೆ? ಆ ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಎತ್ತುವಾಗ ಒಬ್ಬಳೇ ಎತ್ತಬೇಡ, ಜೊತೆಯ ಆಯಾಳನ್ನು ಕರೆ. ಹೊತ್ತು ಹೊತ್ತಿಗೆ ಊಟ ಮಾಡು. ನಾನು ಕ್ಷೇಮ. ನಿಮ್ಮಮ್ಮನೂ ಕ್ಷೇಮ, ಬಿ.ಪಿ. ಹಿಡಿತದಲ್ಲಿದೆ, ನಾಲಿಗೆ ಮಾತ್ರ ಯಾರ ಹಿಡಿತದಲ್ಲೂ ಇಲ್ಲ. ಕೆಳಗಿನ ಮನೆಯಾಕೆ ಕೆಮ್ಮಿದರೆ ಸಾಕು, ಬಾಗಿಲು ತೆಗೆದು "ನಮ್ಮ ಮಗಳು ಡಾಕ್ಟರು, ಕೇಳಿ ಹೇಳ್ತೀನಿ ಇರಿ" ಅನ್ನುತ್ತಾರೆ. ಯಾರನ್ನು ಕೇಳುತ್ತಾರೋ, ನೀನು ಫೋನ್ ಎತ್ತಿದರೆ ತಾನೆ.

ಪರೀಕ್ಷೆಯ ಮಾತೆತ್ತಿದರೆ ಫೋನ್ ಇಡುತ್ತೇನೆ ಎಂದೆ ನೀನು, ಇಟ್ಟೂ ಬಿಟ್ಟೆ. ಅದಕ್ಕೇ ಈ ಕಾಗದ. ಓದದೆ ಹರಿದುಹಾಕುವವಳು ನೀನಲ್ಲ. ಔಷಧಿ ಡಬ್ಬಿಯೊಳಗಿನ ಎಂಟು ಮಡಿಕೆಯ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದಿ, ಮತ್ತೆ ಮೊದಲಿನಂತೆಯೇ ಮಡಿಸಿಡುವವಳು. ಅರ್ಜಿ ವಾಪಸ್ ಹೋದ ಮೇಲೆ ಇನ್ನೆಂಥ ಪರೀಕ್ಷೆ ಎಂದು ಕೇಳುತ್ತೀಯ. ನಮ್ಮ ಹಾಗೆ ಹೊರದೇಶದಿಂದ ಬಂದ ಡಾಕ್ಟರುಗಳಿಗೆ ಇಲ್ಲಿ ಈ ಲೈಸೆನ್ಸ್ ಪರೀಕ್ಷೆ ಮೂರೇ ಸಲ, ಐದೇ ವರ್ಷದೊಳಗೆ. ಎರಡು ಸಲ ಫೇಲಾಗಿದೆ, ಇದು ಐದನೇ ವರ್ಷ. ಈ ಸಲ ಬರೆಯದೆ ಬಿಟ್ಟರೆ ಮೂರನೇ ಸಲ ಫೇಲಾದೆ ಎನ್ನುವ ಮಾತಾದರೂ ತಪ್ಪುತ್ತದೆ ಎಂದು ನೀನು, ಅರ್ಜಿ ವಾಪಸ್ ಪಡೆಯುವ ಕಾಗದಕ್ಕೆ ಸಹಿ ಮಾಡಿ, ಅಂಚೆಗೆ ಹಾಕಿ ಎಂದು ನನ್ನ ಕೈಗಿತ್ತು ಬಸ್ ಹತ್ತಿದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ನಾನು ಹೇಳುವುದನ್ನು ಸುಮ್ಮನೆ ಓದು.

ಹೋದ ಸಲ ಮನೆಗೆ ಬಂದಾಗ ಬಟ್ಟೆ ಮಡಿಸುತ್ತಾ ನೀನು ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನಿಮ್ಮ ಆಶ್ರಮದ ಕಿಟಕಿ ಪಕ್ಕದ ಮಂಚದ ಅಜ್ಜಿಗೆ ಬೆಳಿಗ್ಗೆಯೇ ಒಂದು ಕಾಲು ಊದಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಎಂದು ನಿನಗೆ ನೋಡಿದೊಡನೆ ಅನ್ನಿಸಿತು. ಡ್ಯೂಟಿ ನರ್ಸಿಗೆ ಹೇಳಿದೆ. "ನೀವು ಹಾಸಿಗೆ ಬಟ್ಟೆ ಬದಲಾಯಿಸಿ, ಇದೆಲ್ಲ ನಿಮ್ಮ ಕೆಲಸ ಅಲ್ಲ" ಎಂದರು. ಆಂಬುಲೆನ್ಸ್ ಬಂದದ್ದು ಮಧ್ಯಾಹ್ನ. ಅಜ್ಜಿ ವಾಪಸ್ ಬರಲಿಲ್ಲ. "ಗೊತ್ತಿದ್ದೂ ಕೈಕಟ್ಟಿ ನಿಂತೆ ರೀ" ಎಂದು ಅಷ್ಟೇ ಹೇಳಿದೆ. ಅಳಲಿಲ್ಲ. ಒಂದೇ ದಿಂಬಿನ ಚೀಲವನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಿಸಿದೆ. ಮರುದಿನ ಆ ಕಾಗದಕ್ಕೆ ಸಹಿ ಹಾಕಿದೆ. ನನಗೆ ಭಯವಾಗಿದೆ. ನೀನು ಅತ್ತು ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ನೀನು ಹೋದ ಮೇಲೆ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬೇರೇನೋ ಹುಡುಕಲು ಹೋಗಿ ನಿನ್ನ ಕಂದು ರಟ್ಟಿನ ಪುಸ್ತಕ ಸಿಕ್ಕಿತು. ಅಭ್ಯಾಸ ಮಾಡುವಾಗ ತಪ್ಪಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟಿದ್ದೀಯಲ್ಲ, ಅದೇ. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ಒಂದೇ ಮಾತು, "ಗಮನ ಸಾಲದು." ಮುನ್ನೂರಕ್ಕಿಂತ ಹೆಚ್ಚು ಕಡೆ ನಿನ್ನನ್ನು ನೀನೇ ಬೈದುಕೊಂಡಿದ್ದೀಯ. ಓದಿ ನನಗೆ ನಾಚಿಕೆಯಾಯಿತು, ಏಕೆಂದರೆ ಕಳೆದ ಸಲದ ಕೋರ್ಸು ಆರಿಸಿದವನು ನಾನು. ಹನ್ನೆರಡು ದಪ್ಪ ಪುಸ್ತಕ ಕೊಡುತ್ತಾರೆ ಎಂದು ಖುಷಿಪಟ್ಟು ಸೇರಿಸಿದೆ, ಗುಜರಿಯಲ್ಲಿ ಕಬ್ಬಿಣ ಕೊಳ್ಳುವವನ ಹಾಗೆ ತೂಕ ನೋಡಿ. ನೀನು ಹನ್ನೆರಡನ್ನೂ ಎರಡೆರಡು ಸಲ ಓದಿದೆ, ಏಳು ಅಂಕದಲ್ಲಿ ಹೋಯಿತು. ಓದು ಕಡಿಮೆಯಾದದ್ದಕ್ಕೆ ಹೋಗಲಿಲ್ಲ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಈ ಸಲ ತೂಕ ನೋಡಬಾರದು ಎಂದು ನಿರ್ಧರಿಸಿ, ಎರಡು ದಿನ ರಜೆ ಹಾಕಿ, ಪುಸ್ತಕವನ್ನು ಬಗಲಿಗೆ ಹಾಕಿಕೊಂಡು ಕೋರ್ಸು ಹುಡುಕಲು ಹೊರಟೆ.

ಮೊದಲು ಹೋದದ್ದು ಗಾಜಿನ ಕಟ್ಟಡದ ದೊಡ್ಡ ಕೋಚಿಂಗಿಗೆ. ಗೋಡೆ ತುಂಬ ಪಾಸಾದವರ ಫೋಟೊಗಳು, ಎಲ್ಲರಿಗೂ ಒಂದೇ ನಗು. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ನಾನೂರು ಗಂಟೆಯ ವಿಡಿಯೊ ಪಾಠ, ಹತ್ತು ಸಾವಿರ ಪ್ರಶ್ನೆ, ಫೇಲಾದರೆ ಇನ್ನೊಂದು ಸಲ ಪುಕ್ಕಟೆ. ನಮಗೆ ಇನ್ನೊಂದು ಸಲ ಇಲ್ಲವಮ್ಮ ಎಂದೆ. "ಪರವಾಗಿಲ್ಲ ಸರ್, ಆ ಸೌಲಭ್ಯ ಎಲ್ಲರಿಗೂ ಇದೆ" ಎಂದಳು. ನಿನ್ನ ಪುಸ್ತಕವನ್ನು ಮುಂದಿಟ್ಟೆ, ಯಾರಾದರೂ ಒಮ್ಮೆ ನೋಡಲಿ ಎಂದು. ಅವಳು ಅದರ ಮೇಲೆ ಅವರ ಬಣ್ಣದ ಪುಸ್ತಿಕೆ ಇಟ್ಟು ಎರಡನ್ನೂ ಸೇರಿಸಿ ನನಗೇ ವಾಪಸ್ ಕೊಟ್ಟಳು. ಅಲ್ಲಿಂದ ಇಳಿಯುವಾಗ ಅವರ ಲಿಫ್ಟಿನ ಹಗ್ಗ ಕಿರುಗುಟ್ಟುತ್ತಿತ್ತು, ಹೇಳದೆ ಬಂದೆ.

ಎರಡನೆಯದು ಲಾಂಡ್ರಿ ಅಂಗಡಿಯ ಮೇಲಿನ ಒಂದೇ ಕೋಣೆ. ಆರು ಕುರ್ಚಿ, ಒಂದು ಕಪ್ಪು ಹಲಗೆ, ಕೆಳಗಿನಿಂದ ಬರುವ ಇಸ್ತ್ರಿಯ ಹಬೆ. ಪಾಠ ಮಾಡುವಾಕೆ ನಿವೃತ್ತ ಡಾಕ್ಟರು, ಎಪ್ಪತ್ತರ ಹತ್ತಿರ. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತಿರುತ್ತಾರೆ. ಅವರಿಗೆ ಪೆನ್ಸಿಲ್ ಮೇಡಂ ಎಂದು ನಾನೇ ಹೆಸರಿಟ್ಟಿದ್ದೇನೆ. ಏನೂ ಕೇಳದೆ ಪುಸ್ತಕ ತೆಗೆದುಕೊಂಡು ಮುಕ್ಕಾಲು ಗಂಟೆ ಓದಿದರು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಕೊನೆಗೆ ಕೇಳಿದರು, "ಇವರು ಮೊದಲು ಎಲ್ಲಿ ಕೆಲಸ ಮಾಡ್ತಿದ್ರು?" ಹೇಳಿದೆ. ನೂರು ಹಳ್ಳಿಗೆ ಒಂದೇ ಆಸ್ಪತ್ರೆ, ಎಕ್ಸ್‌ರೇ ಯಂತ್ರ ವರ್ಷದಲ್ಲಿ ಹತ್ತು ತಿಂಗಳು ರಿಪೇರಿ, ರಕ್ತ ಪರೀಕ್ಷೆಗೆ ಕಳಿಸಿದರೆ ಫಲಿತಾಂಶ ಬರುವಷ್ಟರಲ್ಲಿ ರೋಗಿ ಮನೆಗಾದರೂ ಹೋಗಿರಬೇಕು, ಮೇಲಕ್ಕಾದರೂ ಹೋಗಿರಬೇಕು. ಒಂಬತ್ತು ವರ್ಷ ನೀನು ಕೈ, ಕಿವಿ, ಕಣ್ಣು ಇಷ್ಟರಲ್ಲೇ ಜನರನ್ನು ಉಳಿಸಿದೆ ಎಂದೆ. ಆಕೆ ಒಂದು ಪುಟ ತೆರೆದು ತೋರಿಸಿದರು. ಎದೆಯ ಒಂದು ಪಕ್ಕ ನೋವು, ಉಸಿರಾಟಕ್ಕೆ ತೊಂದರೆ, ಶ್ವಾಸಕೋಶದ ಹೊರಗೆ ಗಾಳಿ ಸೇರಿದೆ ಎಂಬ ಅನುಮಾನ, ಆದರೆ ನಾಡಿ, ಬಿ.ಪಿ. ಎಲ್ಲ ಸರಿಯಿದೆ; ಮೊದಲು ಏನು ಮಾಡುತ್ತೀರಿ? ಸೂಜಿ ಚುಚ್ಚಿ ಗಾಳಿ ತೆಗೆಯುತ್ತೇನೆ ಎಂದು ನೀನು. ಎಕ್ಸ್‌ರೇ ತೆಗೆಸಬೇಕು ಎಂದು ಪರೀಕ್ಷೆಯವರ ಉತ್ತರ. ಹೀಗೇ ಪುಟ ಪುಟ. "ಗಮನ ಇಲ್ಲದೆ ಅಲ್ಲ ಇದು. ಪ್ರತಿ ಪ್ರಶ್ನೆಗೂ ಈಕೆ ಯಂತ್ರ ಕೆಟ್ಟಿದೆ ಅಂದುಕೊಂಡೇ ಉತ್ತರ ಬರೆದಿದ್ದಾರೆ" ಎಂದರು.

ಈಗ ನನ್ನ ಒಂದು ಗುಟ್ಟು ಕೇಳು. ನಾನು ಇಲ್ಲಿ ಲಿಫ್ಟ್ ಲೈಸೆನ್ಸಿಗೆ ಮೊದಲ ಸಲ ಫೇಲಾದದ್ದು ಪೇಪರ್ ಕಷ್ಟವಿತ್ತು ಎಂದಲ್ಲ. ಎರಡು ಮಹಡಿಯ ನಡುವೆ ಲಿಫ್ಟ್ ನಿಂತಿದೆ, ಒಳಗೆ ಜನರಿದ್ದಾರೆ, ಯಂತ್ರಕ್ಕೆ ಕೈ ಹಾಕುವ ಮೊದಲು ಏನು ಮಾಡುತ್ತೀರಿ ಎಂದು ಕೇಳಿದ್ದರು. ಹಿಡಿಕೆ ತಿರುಗಿಸಿ ಹತ್ತಿರದ ಮಹಡಿಗೆ ತರುತ್ತೇನೆ ಎಂದು ಬರೆದೆ. ಮೊದಲು ಮೇನ್ ಸ್ವಿಚ್ ಆರಿಸಬೇಕಿತ್ತಂತೆ. ನಮ್ಮ ಕಡೆ ಲಿಫ್ಟ್ ನಿಲ್ಲುವುದೇ ಕರೆಂಟ್ ಹೋಗಿ, ಇನ್ನು ಆರಿಸುವುದೇನನ್ನು? ಪೇಪರಿನಲ್ಲಿ ಕರೆಂಟ್ ಇತ್ತು, ನನ್ನ ತಲೆಯಲ್ಲಿ ಇರಲಿಲ್ಲ. ಹೇಳಿದರೆ ನೀನು ನಗುತ್ತೀಯ ಎಂದು ಬಾಯಿ ಬಿಡಲಿಲ್ಲ. ಅವತ್ತೇ ಹೇಳಿದ್ದರೆ ನಿನ್ನ ತಪ್ಪು ನಿನಗೆ ಕಾಣುತ್ತಿತ್ತೋ ಏನೋ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಅನ್ನುತ್ತಾರೆ, ನಿಜ. ಆದರೆ ಪಕ್ಕದಲ್ಲಿ ನಿಂತ ಗಂಡನಿಗೂ ಕಾಣಲಿಲ್ಲವಲ್ಲ.

ಪೆನ್ಸಿಲ್ ಮೇಡಂ ಪುಸ್ತಕ ಕೊಡುವುದಿಲ್ಲ, ವಿಡಿಯೊ ಇಲ್ಲ. ಎಂಟು ವಾರ, ದಿನಕ್ಕೆ ಐವತ್ತು ಪ್ರಶ್ನೆ, ಜೋರಾಗಿ ಓದಿ ಜೋರಾಗಿ ಉತ್ತರಿಸಬೇಕು. ನಿನಗೆ ಮಾತ್ರ ಒಂದು ಕಟ್ಟಳೆ ಹೆಚ್ಚು: ಪ್ರತಿ ಉತ್ತರಕ್ಕೂ ಮೊದಲು "ಯಂತ್ರ ಸರಿಯಿದೆ, ಕರೆಂಟ್ ಇದೆ, ರಕ್ತದ ಫಲಿತಾಂಶ ಅರ್ಧ ಗಂಟೆಯಲ್ಲಿ ಬರುತ್ತೆ" ಎಂದು ಬಾಯಿಬಿಟ್ಟು ಹೇಳಬೇಕಂತೆ. ಪಾಸಾಗುತ್ತಾರಾ ಮೇಡಂ ಎಂದು ಕೇಳಿದೆ. "ಬರೆದುಕೊಡೋಕೆ ನಾನು ದೇವರಲ್ಲ. ಆದರೆ ಇಂಥ ಡಾಕ್ಟರು ಮಂಚ ತಳ್ಳೋದು ನನಗೆ ಸರಿ ಕಾಣಲ್ಲ" ಎಂದರು. ಆರನೆಯ ಕುರ್ಚಿ ಸೋಮವಾರ ಬೆಳಿಗ್ಗೆಯವರೆಗೆ ನಿನಗಾಗಿ ಖಾಲಿ ಇಟ್ಟಿದ್ದಾರೆ. ಎಂಟು ವಾರ ರಜೆ ಕೊಡುತ್ತಾರಾ ಕೇಳು, ಕೊಡದಿದ್ದರೆ ಕೆಲಸ ಬಿಡು. ನನ್ನ ಒಬ್ಬನ ದುಡಿಮೆಯಲ್ಲಿ ಮೂರು ಹೊಟ್ಟೆ ಎಂಟು ವಾರ ಖಂಡಿತ ನಡೆಯುತ್ತದೆ. ನಿನ್ನ ಕೈಹಿಡಿದು ಬೇಡುತ್ತೇನೆ, ಗೊತ್ತಿದ್ದೂ ಕೈಕಟ್ಟಿ ನಿಲ್ಲುವ ಬದುಕು ನಿನಗೆ ಬೇಡ. ಆ ಬದುಕಿನಲ್ಲಿ ನೀನು ಹೇಗಾಗುತ್ತೀಯ ಎಂದು ನೋಡುವ ಶಕ್ತಿ ನನಗಿಲ್ಲ.

ಆರನೇ ಮಹಡಿಯವರು ಗಂಟೆ ಒತ್ತುತ್ತಿದ್ದಾರೆ, ಯಾರೋ ಸಿಕ್ಕಿಕೊಂಡಿರಬೇಕು. ಹೋಗುತ್ತೇನೆ, ಮೊದಲು ಮೇನ್ ಸ್ವಿಚ್. ನಿಮ್ಮಮ್ಮ ಆಶೀರ್ವಾದ ಹೇಳಿದ್ದಾರೆ, ಕೆಳಗಿನ ಮನೆಯಾಕೆಯ ಕೆಮ್ಮಿಗೆ ಏನು ಎಂದೂ ಕೇಳಿದ್ದಾರೆ. ಮೈ ನೋಡಿಕೋ.

ನಿನ್ನವ,
ಲಿಫ್ಟ್ ರಿಪೇರಿಯವ

ತಾ.ಕ.: ಮರೆತಿದ್ದಲ್ಲ, ಹೆದರಿ ಕೊನೆಗೆ ಇಟ್ಟುಕೊಂಡೆ. ನೀನು ಸಹಿ ಮಾಡಿ ಕೊಟ್ಟ ಕಾಗದ ಇದೇ ಲಕೋಟೆಯಲ್ಲಿದೆ. ಹಾಕಿದಿರಾ ಎಂದು ನೀನು ಕೇಳಿದಾಗ ಹಾಕಿದೆ ಎಂದದ್ದು ಸುಳ್ಳು. ಹನ್ನೆರಡು ದಿನ ಸ್ಪ್ಯಾನರ್ ಚೀಲದಲ್ಲಿಟ್ಟುಕೊಂಡು ತಿರುಗಿದ್ದೇನೆ, ಮೂಲೆಯಲ್ಲಿ ಗ್ರೀಸಿನ ಹೆಬ್ಬೆರಳ ಗುರುತು ಮೂಡಿದೆ. ಹೊಟ್ಟೆಗೆ ಹಾಕಿಕೋ. ನಿನ್ನ ಅರ್ಜಿ ಇನ್ನೂ ಅಲ್ಲೇ ಇದೆ. ವಾಪಸ್ ತೆಗೆದುಕೊಳ್ಳಲು ಶುಕ್ರವಾರದ ಅಂಚೆ ಮುದ್ರೆ ಬಿದ್ದರೂ ಸಾಕಂತೆ. ಅದರ ಕವರಿಗೆ ಅಂಚೆಚೀಟಿ ಹಚ್ಚಿದ್ದೇನೆ, ಅಂಚೆ ಡಬ್ಬಿ ನಿಮ್ಮ ಆಶ್ರಮದ ಗೇಟಿನ ಪಕ್ಕದಲ್ಲೇ ಇದೆ. ಹಾಕುವುದಾದರೆ ನಿನ್ನ ಕೈಯಿಂದಲೇ ಹಾಕು, ನನ್ನಿಂದ ಆಗಲಿಲ್ಲ. ಹಾಕದಿದ್ದರೆ ಭಾನುವಾರ ಸಂಜೆಯ ಬಸ್ಸಿಗೆ ಬಾ, ನಿಲ್ದಾಣದಲ್ಲಿ ನಿಂತಿರುತ್ತೇನೆ. ಹಾಕಿದ್ದರೂ ನಿಂತಿರುತ್ತೇನೆ.