ಹನ್ನೊಂದು ತಿಂಗಳು ಎಂದು ಬರೆದೆ

ತರಬೇತಿ ಶಿಬಿರ, ಕ್ಯಾಲಿಫೋರ್ನಿಯಾ ಮರುಭೂಮಿ
೧೪ ಅಕ್ಟೋಬರ್ ೧೯೮೪

ಪ್ರೀತಿಯ ಅಪ್ಪನಿಗೆ,

ಮಂಡಿನೋವು ಹೇಗಿದೆ? ಅಮ್ಮ ಮೆಕ್ಕೆಜೋಳದ ಬ್ರೆಡ್ಡಿಗೆ ಈಗಲೂ ಅಷ್ಟೇ ಬೆಣ್ಣೆ ಸವರುತ್ತಿದ್ದರೆ ಡಾಕ್ಟರ ಮಾತು ನೆನಪಿಸಿ. ನಾನು ಆರೋಗ್ಯವಾಗಿದ್ದೇನೆ. ನಾಚಿಕೆಯೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ಹೋದ ವಾರ ನಮ್ಮ ಹದಿನಾಲ್ಕು ಟ್ಯಾಂಕುಗಳ ಗುರಿ ಪರೀಕ್ಷೆ ಮುಗಿಯಿತು. ಹತ್ತಕ್ಕೆ ನಾಲ್ಕೇ ಗುಂಡು ಗುರಿಗೆ ತಾಗಿದವು. "ಟ್ಯಾಂಕಿನ ನಾಲ್ಕೂ ಜನ ಒಟ್ಟಿಗೆ ಉಂಡು, ಜಗಳ ಆಡಿ, ಹಳಬರಾಗಿರ್ಬೇಕು ಕಣೋ" ಎಂದು ಕೊರಿಯಾ ಯುದ್ಧದ ಕಥೆ ಹೇಳುವಾಗಲೆಲ್ಲ ಅನ್ನುತ್ತಿದ್ದಿರಿ. ನಮ್ಮಲ್ಲಿ ಒಳ್ಳೆಯ ಗುರಿಕಾರರೆಲ್ಲ ಬೇಸ್‌ಬಾಲ್ ತಂಡದಲ್ಲಿದ್ದರು. ಕರ್ನಲ್ಲರಿಗೆ ಆ ಆಟದ ಹುಚ್ಚು. ಉಳಿದವರು ಶಿಬಿರದ ಹುಲ್ಲು ಕತ್ತರಿಸಲು, ಅಧಿಕಾರಿಗಳ ಕಾರು ಓಡಿಸಲು ಹೋಗಿದ್ದರು. ಅವರ ಜಾಗದಲ್ಲಿ ಒಂಬತ್ತು ದಿನದ ಹಿಂದೆ ಸೇರಿಸಿದವರು ಕೂತಿದ್ದರು. ಒಬ್ಬ ಪಕ್ಕದವನ ಹೆಸರು ತಿಳಿಯದೆ "ಏಯ್, ನೀನೇ, ಗುಂಡು ತುಂಬೋ!" ಎಂದು ಕಿರುಚಿದ. ನಗಬೇಡಿ ಅಪ್ಪಾ.

ಯಾರು ಎಷ್ಟು ಕಾಲ ಒಟ್ಟಿಗಿದ್ದಾರೆ ಎಂದು ಬರೆದಿಡುವ ಕೆಲಸ ನನ್ನದು. ಆ ಹಾಳೆಯನ್ನೂ ಗುರಿಯನ್ನೂ ಹೋಲಿಸಿ ನೋಡಲು ಮಿಸ್ ಹ್ಯಾಲ್ವರ್ಸನ್ ಎಂಬ ಸಂಶೋಧಕಿ ಬಂದಿದ್ದರು. "ಎಲ್ಲ ಟ್ಯಾಂಕಿಗೂ ಹನ್ನೊಂದು ತಿಂಗಳು ಅಂತ ಬರೆದುಬಿಡು ಲೈಲ್. ಆಟಕ್ಕೆ ಕಳಿಸಿದ್ದು ಹೊರಗೆ ಬಂದ್ರೆ ಕರ್ನಲ್ ನಮ್ಮಿಬ್ಬರ ಚರ್ಮ ಸುಲೀತಾರೆ. ನಿನ್ನ ಬಡ್ತಿ ನಾನು ನೋಡ್ಕೋತೀನಿ" ಎಂದರು ಕ್ಯಾಪ್ಟನ್. ಹದಿನಾಲ್ಕು ಸಲ ಬರೆದೆ. ಅದನ್ನು ನೆನೆದರೇ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನಿನ್ನೆ ಆಕೆ ಊಟದ ಸಾಲಿನಲ್ಲಿ ನನ್ನ ಪಕ್ಕ ನಿಂತು, "ಆಶ್ಚರ್ಯ ಸಾರ್ಜೆಂಟ್! ಹನ್ನೊಂದು ತಿಂಗಳ ಹಳೇ ತಂಡಗಳೂ ಹೀಗೇ ಗುರಿ ತಪ್ಪಿದ್ರೆ, ಜನರನ್ನ ಒಟ್ಟಿಗೆ ಇಟ್ಟು ಪ್ರಯೋಜನ ಇಲ್ಲ ಅಂತ ಬರೀಬೇಕಾಗತ್ತೆ. ಜರ್ಮನಿಯಲ್ಲಿರೋ ನಮ್ಮ ತಂಡಗಳನ್ನ ಒಡೆಯೋಕೆ ಮೇಲಿನವರು ಇದಕ್ಕೇ ಕಾಯ್ತಿದ್ದಾರೆ" ಎಂದರು. ನಮ್ಮ ವೆಸ್ಲಿ ಜರ್ಮನಿಯಲ್ಲೇ ಇದ್ದಾನಲ್ಲ, ಎರಡು ವರ್ಷದಿಂದ ಒಂದೇ ಟ್ಯಾಂಕಿನಲ್ಲಿ ಅದೇ ಮೂವರ ಜೊತೆ. ನಾಳೆ ಯುದ್ಧವೇ ಬಂದರೆ ತಮ್ಮನ ಪಕ್ಕ ಕೂರುವವನಿಗೆ ಅವನ ಹೆಸರೂ ಗೊತ್ತಿರುವುದಿಲ್ಲ. ಅದು ನನ್ನ ಕೈಬರಹದ ಫಲ.

ಅಮ್ಮನಿಗೆ ನನ್ನ ಪ್ರೀತಿ ತಿಳಿಸಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ.

ನಿಮ್ಮ ಮಗ,
ಲೈಲ್

ಮರೆತ ಮಾತು: ಮಿಸ್ ಹ್ಯಾಲ್ವರ್ಸನ್ ಒಂಬತ್ತು ಗಂಟೆಯ ಬಸ್ಸಿಗೆ ಹೊರಡುತ್ತಾರೆ. ನಿಜವಾದ ಹಾಳೆ ನನ್ನ ಜೇಬಿನಲ್ಲಿದೆ, ಸಹಿ ಹಾಕಿದ್ದೇನೆ, ಕೊಡಲು ಹೊರಟೆ. ತೋಳಿಗೆ ಬಡ್ತಿಯ ಹೊಸ ಪಟ್ಟಿ ಹೊಲಿಯಲು ಅಮ್ಮ ದಾರ ತಂದಿಟ್ಟಿದ್ದರೆ ಎತ್ತಿಡಲು ಹೇಳಿ. ಇರುವ ಪಟ್ಟಿಯನ್ನೂ ಬಿಚ್ಚಬೇಕಾಗಬಹುದು.