ಚಾವಿ ನನ್ನ ಹತ್ತಿರವೇ ಇದೆ

ನವೆಂಬರ್ 16, ಭಾನುವಾರ, ಸಂಜೆ

ಮತ್ತೆ ಅದೇ. ಮಣ್ಣು ಮೆತ್ತಿದ ಚಪ್ಪಲಿ, ಒದ್ದೆ ಟವೆಲ್, ಉಳಿದ ಇಡ್ಲಿ ಹಿಟ್ಟು — ಎಲ್ಲ ಗಾಡಿಯಿಂದ ಮೇಲಕ್ಕೆ ಹೊತ್ತದ್ದು ನಾನೇ. ಶ್ರಾವ್ಯಾ ಹದಿನಾರು ವರ್ಷದ ಮಹಾರಾಣಿ, ಮೊಬೈಲ್ ಒಂದನ್ನು ಹೊತ್ತುಕೊಂಡು ಬಂದಳು. ತಿಲಕ್‌ಗೆ ಎಂಟು, ನಿದ್ದೆಯಲ್ಲೇ ಮೆಟ್ಟಿಲು ಹತ್ತಿದ. ಅತ್ತೆ ಮೊಣಕಾಲು ಹಿಡಿದುಕೊಂಡು ಬಿಲ್ಡಿಂಗ್ ಕಟ್ಟಿದವನಿಗೆ ಬೈದರು. ಗೋರೆಗಾಂವ್‌ನಲ್ಲಿ ಲಿಫ್ಟ್ ಇಲ್ಲದ ಬಿಲ್ಡಿಂಗ್ ಇನ್ನು ನಮ್ಮದೊಂದೇ ಇರಬೇಕು.

ಇವರಿಗೆ ಈ ಕ್ಯಾಂಪಿಂಗ್ ಹುಚ್ಚು ಹಿಡಿದದ್ದು ಹೋದ ವರ್ಷದ ದೀಪಾವಳಿಯ ನಂತರ. ಹಳೆಯ ಟೆಂಪೊ ಟ್ರಾವೆಲರ್ ತಂದು, ಭಾಂಡುಪ್‌ನ ಗ್ಯಾರೇಜಿನಲ್ಲಿ ಸೀಟು ಕೀಳಿಸಿ, ಮಲಗಲು ಹಲಗೆ, ಒಲೆ, ಸಿಂಕ್ ಎಲ್ಲ ಮಾಡಿಸಿದರು. ಫೋರ್ಟ್‌ನ ನಮ್ಮ ಹೋಟೆಲಿಗೆ ಭಾನುವಾರ ರಜೆ. ಆಫೀಸೇ ಇಲ್ಲದ ದಿನ ಅಲ್ಲಿ ಇಡ್ಲಿ ತಿನ್ನುವವರು ಯಾರು? ಶನಿವಾರ ಮಧ್ಯಾಹ್ನ ಶಟರ್ ಎಳೆದರೆ ಸಂಜೆಗೆ ಟಿಟ್ವಾಲಾದ ಆಚೆಯ ಕೆರೆ. ದಡದಲ್ಲಿ ಗಾಡಿ ನಿಲ್ಲಿಸಿ, ಕುರ್ಚಿ ಹಾಕಿ, ಊರಿಗೆ ಹೋದಷ್ಟು ಖುಷಿ ಇವರಿಗೆ. ನನಗೂ ಬೇಡ ಎಂದೇನಲ್ಲ. ಮಕ್ಕಳು ತಂದೆಯ ಮುಖ ನೋಡುವುದೇ ಆ ಒಂದೂವರೆ ದಿನ.

ಇವತ್ತು ಬರುವಾಗ ಒಂದು... ಬರೆಯಲೋ ಬೇಡವೋ.

ಕಲ್ಯಾಣ್ ದಾಟಿ ಒಂದು ಸಿಗ್ನಲ್. ಹಸಿರು ಬಿತ್ತು. ಗಾಡಿ ಕದಲಲಿಲ್ಲ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ತಿರುಗಿ ನೋಡಿದೆ — ಕಣ್ಣು ತೆರೆದೇ ಇದೆ, ಇವರು ಮಾತ್ರ ಅಲ್ಲಿಲ್ಲ. ತುಟಿ ಏನನ್ನೋ ಚಪ್ಪರಿಸುತ್ತಿದೆ. ಬಲಗೈ ಸ್ಟೇರಿಂಗನ್ನು ಒರೆಸುತ್ತಿದೆ, ಹೋಟೆಲಿನಲ್ಲಿ ಟೇಬಲ್ ಒರೆಸುವ ಹಾಗೆ. ಹೆಗಲು ಹಿಡಿದು ಅಲುಗಿಸಿದೆ. ಇಲ್ಲ. ಆಮೇಲೆ ಏನೂ ಆಗದವರಂತೆ ಗೇರ್ ಹಾಕಿದರು.

“ಎಂತ ಆಯ್ತು ನಿಮ್ಗೆ?”

“ಎಂತ ಆಗ್ಬೇಕು? ಸಿಗ್ನಲ್ ಬೀಳ್ಲಿಲ್ಲ, ನಿಂತೆ.”

ಸಿಗ್ನಲ್ ಬಿದ್ದು ಮತ್ತೆ ಕೆಂಪಾಗಿತ್ತು. ಇವರಿಗೆ ಗೊತ್ತೇ ಇಲ್ಲ.

ನವೆಂಬರ್ 17, ಸೋಮವಾರ

ಸುಸ್ತು ಇರಬೇಕು. ಬೆಳಗಿನ ಮೊದಲ ಲೋಕಲ್ ಹಿಡಿಯುವ ಮನುಷ್ಯ, ಹದಿನೇಳನೇ ವಯಸ್ಸಿನಿಂದ ನಿದ್ದೆಗೆಟ್ಟವರು. ಸುಸ್ತೇ. ಬೇರೆ ಎಂತದ್ದೂ ಅಲ್ಲ.

ಎರಡು ಸಲ ಬರೆದುಕೊಂಡೆ ಎಂದ ಮಾತ್ರಕ್ಕೆ ನಿಜವಾಗುತ್ತದೆಯೇ?

ನವೆಂಬರ್ 23, ಭಾನುವಾರ

ಕೆರೆಯ ಹತ್ತಿರ ಇನ್ನೊಂದು ಸಲ. ಬೆಳಗ್ಗೆ ಚಹಾ ಸೋಸುತ್ತಿದ್ದರು. ಲೋಟ ತುಂಬಿತು, ಚೆಲ್ಲಿತು, ಕೈ ಮೇಲೆಯೇ ಸುರಿಯಿತು. ಕುದಿಯುವ ಚಹಾ. ಕೈ ಹಿಂದೆಗೆಯಲಿಲ್ಲ. ಅದೇ ನೋಟ, ಅದೇ ತುಟಿ. ನಾನು ಪಾತ್ರೆ ಕಿತ್ತುಕೊಳ್ಳುವಷ್ಟರಲ್ಲಿ ಅತ್ತೆ ಎದ್ದು ನಿಂತು ಕೈ ಮುಗಿದಿದ್ದರು.

ಅವರ ಕಣ್ಣಲ್ಲಿ ನೀರು. “ಇವನ ಅಪ್ಪನಿಗೆ ಶುರು ಆದದ್ದೂ ಹೀಗೇ. ಮುಟ್ಬೇಡ ನೀನು, ಮೈಲಿಗೆ ಆದೀತು.”

ಮಾವ ಊರಿನ ಕುಟುಂಬದ ಮನೆಯಲ್ಲಿ ದೈವದ ಪಾತ್ರಿ. ವರ್ಷಕ್ಕೊಮ್ಮೆ ನಡೆಯುವ ನೇಮದ ದಿನ ದೈವ ಬರುತ್ತಿದ್ದದ್ದು ಅವರ ಮೈಮೇಲೆ. ಅವರು ಹೋದ ಮೇಲೆ ಆ ಜಾಗ ಖಾಲಿ. ಈಗ ದೈವ ಮಗನನ್ನು ಹುಡುಕಿಕೊಂಡು ಬಂದಿದೆಯಂತೆ, ಟಿಟ್ವಾಲಾದವರೆಗೆ.

ನಗು ಬರಲಿಲ್ಲ. ನಾನೂ ಅದೇ ಮಣ್ಣಿನವಳು, ದೈವಕ್ಕೆ ತಲೆ ಬಾಗಿಯೇ ಬೆಳೆದವಳು. ಹೌದಾಗಿದ್ದರೆ ಅಡ್ಡ ಬಂದ ಪಾಪ ನನ್ನದು. ಅಲ್ಲವಾದರೆ... ಇವರ ಕೈ ಬೊಬ್ಬೆ ಎದ್ದಿದೆ. ಬರ್ನಾಲ್ ಹಚ್ಚಿದೆ.

ನವೆಂಬರ್ 26, ಬುಧವಾರ

ಮೀನು ಬಿಟ್ಟರು. ಬಂಗುಡೆ ಇಲ್ಲದೆ ಊಟ ಸೇರದ ಮನುಷ್ಯ, ಮೂರು ದಿನದಿಂದ ಮೊಸರನ್ನ. ಬೆಳಗ್ಗೆ ತಣ್ಣೀರು ಸ್ನಾನ, ಗಂಧ. ಹೆಗಲು ನೆಟ್ಟಗಾಗಿದೆ. ಇಷ್ಟು ವರ್ಷ ಗಿರಾಕಿಗಳ ಮುಂದೆ ತಲೆ ಬಗ್ಗಿಸಿ ನಿಂತವರು. ಈಗ ಅತ್ತೆ ‘ನೀನು’ ಎನ್ನಲೂ ಹಿಂಜರಿಯುತ್ತಾರೆ. ಇವರಿಗೆ ಅದು ಹಿತವಾಗಿದೆ. ನನಗೆ ಕಾಣುವುದಿಲ್ಲವೇ?

ಆ ಸಂತೋಷವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದೆ.

ನವೆಂಬರ್ 30, ಭಾನುವಾರ

ಕ್ಯಾಂಪಿಂಗಿಗೆ ಹೋಗಲಿಲ್ಲ. ಹೊಟ್ಟೆನೋವು ಎಂದೆ. ಸುಳ್ಳು. ತಿಲಕ್ ಮುಖ ಊದಿಸಿಕೊಂಡು ಕುಳಿತಿದ್ದಾನೆ.

ಭಾಂಡುಪ್‌ನ ದೂಜ ಮಾಮನಿಗೆ ಫೋನ್ ಮಾಡಿದೆ. ನನ್ನ ಸೋದರಮಾವ. ಟೂರಿಸ್ಟ್ ಬಸ್ ಓಡಿಸಿ ರಿಟೈರ್ ಆದವರು. ಊರಿನ ನೇಮ ಒಂದನ್ನೂ ಈವರೆಗೆ ತಪ್ಪಿಸಿದವರಲ್ಲ. ಎಲ್ಲ ಹೇಳಿದೆ.

“ನೋಡು ಮಗಾ, ದೈವ ಕರೆಯದೆ ಬರುವುದಿಲ್ಲ. ಮಿಂದು, ಮಡಿ ಉಟ್ಟು, ಹತ್ತು ಜನ ನಿಂತು ಕರೆದ್ರೆ ಬರುವುದು. ಬಂದ್ರೆ ನುಡಿ ಕೊಡ್ತದೆ. ಇವ್ನು ಎಂತಾದ್ರೂ ಮಾತಾಡಿದ್ನಾ?”

“ಇಲ್ಲ ಮಾಮ. ಬರೀ ತುಟಿ.”

“ಮತ್ತೆ? ಸಿಗ್ನಲಲ್ಲಿ ನಿಂತು ಸ್ಟೇರಿಂಗ್ ಒರೆಸುವ ದೈವ ನಾನು ನೋಡಿದ್ದಿಲ್ಲ. ನಮ್ಮ ಗಾಡಿಯ ಒಬ್ಬ ಡ್ರೈವರ್‌ಗೆ ಹೀಗೇ ಆಗ್ತಿತ್ತು. ಫಿಟ್ಸ್ ಅದು. ಬಿದ್ದು ಒದ್ದಾಡಿದ್ರೆ ಮಾತ್ರ ಫಿಟ್ಸ್ ಅಂತ ಅಲ್ಲ. ಅವ್ನ ಕೈಗೆ ಗಾಡಿ ಕೊಡ್ಬೇಡ. ಡಾಕ್ಟರ್‌ಗೆ ತೋರ್ಸು.”

ಫೋನ್ ಇಟ್ಟ ಮೇಲೆ ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಡಿಸೆಂಬರ್ 13, ಶನಿವಾರ

ಬರೆಯಲು ಮನಸ್ಸೇ ಇರಲಿಲ್ಲ. ಮನೆಯಲ್ಲಿ ಮಾತಿಲ್ಲ. ಡಾಕ್ಟರ್ ಎಂದ ಕೂಡಲೇ ಇವರು ತಟ್ಟೆ ಸರಿಸಿ ಎದ್ದರು. ಅತ್ತೆ ಊಟವನ್ನೇ ಬಿಟ್ಟರು. “ನನ್ನ ಮಗನಿಗೆ ರೋಗದ ಹೆಸರು ಕಟ್ತೀಯಾ? ನಾಳೆ ಶ್ರಾವ್ಯಾಗೆ ಸಂಬಂಧ ಹುಡುಕುವಾಗ ಎಂತ ಹೇಳ್ತಿ?”

ಕೊನೆಗೆ ಒಂದು ಒಪ್ಪಂದ. 23ಕ್ಕೆ ಡಾಕ್ಟರ್‌ ಅಪಾಯಿಂಟ್‌ಮೆಂಟ್; ಬರುತ್ತಾರಂತೆ. ಆದರೆ ಅದಕ್ಕೆ ಮೊದಲು ಮಕ್ಕಳಿಗೆ ಮಾತು ಕೊಟ್ಟ ಪವನಾ ಕೆರೆಗೆ ಹೋಗಲೇಬೇಕು. ಅಂದರೆ ಖಂಡಾಲಾ ಘಾಟ್. ದೂಜ ಮಾಮ ಓಡಿಸಲಿ ಎಂದೆ. “ನನ್ನ ಗಾಡಿ, ನನ್ನ ಮಕ್ಕಳು. ನಿಂಗೆ ಹೆದರಿಕೆ ಆದ್ರೆ ಮನೆಯಲ್ಲಿರು” ಎಂದರು. ಮಕ್ಕಳನ್ನು ಹಾಗೆ ಕಳುಹಿಸಿ ನಾನು ಮನೆಯಲ್ಲಿ ಇರುವುದುಂಟೇ?

ಹ್ಯಾಂಡ್‌ಬ್ರೇಕ್ ಎಳೆಯುವುದು ಹೇಗೆಂದು ಮಾಮ ವಿಡಿಯೊ ಕಾಲ್‌ನಲ್ಲಿ ತೋರಿಸಿಕೊಟ್ಟರು.

ಡಿಸೆಂಬರ್ 20, ಶನಿವಾರ, ಸಂಜೆ. ಪವನಾ

ಮುಟ್ಟಿದೆವು. ಏನೂ ಆಗಲಿಲ್ಲ. ಏನೂ ಆಗಲಿಲ್ಲ.

ಘಾಟ್ ಉದ್ದಕ್ಕೂ ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಬಾಯಿ ಮುಚ್ಚಲಿಲ್ಲ. ಬಿಲ್ಡಿಂಗಿನ ನಮಿತಾಳ ಅಡುಗೆಮನೆ ರಿಪೇರಿಯಿಂದ ಹಿಡಿದು ಬಾಯಿಗೆ ಬಂದದ್ದೆಲ್ಲ ಹೇಳಿದೆ, ಪ್ರಶ್ನೆ ಕೇಳುತ್ತಲೇ ಇದ್ದೆ, ಉತ್ತರ ಬಂದರೆ ಇವರು ಇದ್ದಾರೆ ಎಂದು ಲೆಕ್ಕ. ಒಂದು ಸಲ ಉತ್ತರ ತಡವಾಯಿತು. ಬ್ರೇಕ್ ಎಳೆದೇಬಿಡುತ್ತಿದ್ದೆ. ಇವರು ಆಕಳಿಸುತ್ತಿದ್ದರು, ಅಷ್ಟೇ.

ಕೆರೆ ದೊಡ್ಡದು, ಸುತ್ತ ಗುಡ್ಡ. ಮಕ್ಕಳು ಕುಣಿಯುತ್ತಿದ್ದಾರೆ. ನನಗೆ ನಾಳೆಯ ಇಳಿಜಾರು ಬಿಟ್ಟು ಬೇರೇನೂ ಕಾಣುತ್ತಿಲ್ಲ.

ಡಿಸೆಂಬರ್ 21, ಭಾನುವಾರ, ಬೆಳಗ್ಗೆ

ಇವರು ಸ್ನಾನಕ್ಕೆ ಹೋದಾಗ ಚಾವಿ ತೆಗೆದೆ. ರವಿಕೆಯೊಳಗೆ ಇಟ್ಟುಕೊಂಡೆ. ಬಂದು ಹುಡುಕಿದರು. ಕೊಡುವುದಿಲ್ಲ ಎಂದೆ, ಮಕ್ಕಳ ಮುಂದೆಯೇ. ಹೊಡೆಯುತ್ತಾರೇನೋ ಅಂದುಕೊಂಡೆ. ಈವರೆಗೆ ಕೈ ಎತ್ತಿದವರಲ್ಲ.

ಆಗ ಶ್ರಾವ್ಯಾ ಮೊಬೈಲ್ ಮುಂದೆ ಹಿಡಿದಳು. “ಪಪ್ಪಾ, ಯೇ ದೇಖೋ. ಕಲ್ ಶಾಮ್ ಕಾ. ನೀವು... ನಿಮ್ಗೆ ಯಾದ್ ಇಲ್ಲ.”

ನಿನ್ನೆ ಸಂಜೆಯ ವಿಡಿಯೊ. ನಾನು ಅಕ್ಕಿ ತೊಳೆಯಲು ಹೋಗಿದ್ದಾಗ ತೆಗೆದದ್ದು. ಕುರ್ಚಿಯಲ್ಲಿ ಇವರು, ಬಾಯಿ ಸ್ವಲ್ಪ ತೆರೆದಿದೆ, ಜೊಲ್ಲು ಇಳಿದಿದೆ, ಕೈ ಮಂಡಿ ಒರೆಸುತ್ತಿದೆ. ‘ಪಪ್ಪಾ? ಪಪ್ಪಾ?’ ಎಂಬ ಅವಳ ದನಿ. ಕೊನೆಗೆ ಅಳು.

ಇವರು ಮತ್ತೆ ಮತ್ತೆ ನೋಡಿದರು. ಅತ್ತೆಯೂ ಕನ್ನಡಕ ಹಾಕಿ ನೋಡಿದರು.

“ಅಪ್ಪ ಹೀಗಿರ್ಲಿಲ್ಲ,” ಎಂದರು ಇವರು ಕೊನೆಗೆ. “ಅಪ್ಪನ ಮುಖದಲ್ಲಿ ಒಂದು ಬೆಂಕಿ ಇರ್ತಿತ್ತು. ಇಲ್ಲಿ ಎಂತದ್ದೂ ಇಲ್ಲ.”

ಅತ್ತೆ ಮಗನ ತಲೆ ತಬ್ಬಿಕೊಂಡು ಅತ್ತರು. ಅಷ್ಟು ದೊಡ್ಡ ಮನುಷ್ಯ, ಮುಖ ಸಣ್ಣದಾಗಿ ಹೋಗಿತ್ತು. ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಪಾಪ ಅನಿಸಿತು.

“ದೂಜ ಮಾಮನಿಗೆ ಬರ್ಲಿಕ್ಕೆ ಹೇಳು. ನಾನು ಇನ್ನು ಓಡ್ಸುದಿಲ್ಲ.”

ಅದೇ ದಿನ, ಮಧ್ಯಾಹ್ನ

ಮಾಮ ಲೋನಾವಳಾದಲ್ಲಿ ಇಳಿದಿದ್ದಾರೆ, ರಿಕ್ಷಾ ಹಿಡಿದು ಬರುತ್ತಾರೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಎಷ್ಟೋ ದಿನದ ನಂತರ ಹಸಿವಾಗಿ ಎರಡು ಸಲ ಬಡಿಸಿಕೊಂಡು ತಿಂದೆ. ಅತ್ತೆ ಗಾಡಿಯೊಳಗೆ ಮಲಗಿದ್ದಾರೆ. ಶ್ರಾವ್ಯಾ ನನ್ನ ಪಕ್ಕ, ಚಾಪೆಯ ಮೇಲೆ ನಿದ್ದೆ. ರಾತ್ರಿ ಇಡೀ ಮಲಗಿರಲಿಲ್ಲವಂತೆ ಹುಡುಗಿ. ಚಾವಿ ನನ್ನ ಹತ್ತಿರವೇ ಇದೆ.

ಇವರು ಈಗ ಸ್ವಲ್ಪ ಹಗುರಾಗಿದ್ದಾರೆ. ತಿಲಕ್ ಹಠ ಹಿಡಿದ, ದಡದಲ್ಲಿ ಬಾಡಿಗೆಗೆ ಸಿಗುವ ಕಯಾಕ್ ದೋಣಿಯಲ್ಲಿ ಹೋಗಬೇಕೆಂದು. “ಹೋಗಿ ಬನ್ನಿ” ಎಂದೆ. ನಾನೇ ಎಂದೆ. ಇಬ್ಬರೂ ನಗುತ್ತಾ ಹೋದರು. ಇಲ್ಲಿಂದ ಕಾಣುತ್ತಾರೆ. ಇವರು ಹಿಂದೆ ಕುಳಿತು ಹುಟ್ಟು ಹಾಕುತ್ತಿದ್ದಾರೆ, ತಿಲಕ್ ಮುಂದೆ. ಬಹಳ ದೂರ ಹೋದರು. ಕೂಗಿದರೆ ಕೇಳುವುದು ಕಷ್ಟ.

ಮಂಗಳವಾರ ಡಾಕ್ಟರ್. ಮಾತ್ರೆ ಕೊಡುತ್ತಾರೆ, ಸರಿ ಹೋಗುತ್ತದೆ ಎಂದರು ಮಾಮ. ಮೀನು ಮಾಡಬೇಕು ಮನೆಗೆ ಹೋಗಿ. ರಸ್ತೆಯ ಹೆದರಿಕೆ ಮುಗಿಯಿತು. ಇನ್ನು ಇವರ ಕೈಗೆ ಗಾಡಿ ಒಂದು ಸಿಗದಿದ್ದರೆ

ಗಾಡಿ.

ದೋಣಿಯೂ ಗಾಡಿಯೇ. ಕಯಾಕ್ ನಿಂತಿದೆ. ಹುಟ್ಟು ನೀರಿನಲ್ಲಿ ತೇಲುತ್ತಿದೆ, ದೋಣಿಯಿಂದ ದೂರ. ಚಾಪೆಯ ತುದಿಯಲ್ಲಿ ಕೇಸರಿ ಲೈಫ್ ಜಾಕೆಟ್ — ಸಣ್ಣದು, ತಿಲಕ್‌ನದು. ಸೆಕೆ ಎಂದು ಬಿಚ್ಚಿಟ್ಟು ಹೋಗಿದ್ದಾನೆ, ನಾನು ನೋಡಲಿಲ್ಲ. ಅವನು ಹಿಂದಕ್ಕೆ ತಿರುಗಿದ್ದಾನೆ. ಕೈ ಬೀಸುತ್ತಿದ್ದಾನೆ. ನನಗಲ್ಲ. ಅಪ್ಪನ ಮುಖದ ಮುಂದೆ.

ಕೂತ್ಕೋ ಮಗಾ. ಕೂತ್ಕೋ. ತಿಲಕ್ ಎದ್ದು ನಿಂ